ವೈಮಾನಿಕ ಆಲ್ಫ್ರೆಡ್ ಹೇಯ್ನ್ಸರು: ಒಂದು ಸಂಸ್ಮರಣೆ

ಇತಿಹಾಸವು ಬಹುಮಟ್ಟಿಗೆ ಗೆದ್ದವರ ಕಥೆಯಾಗಿರುವದು. ಕಾಳಗವನ್ನು ಗೆದ್ದ ಅರಸರು, ಹೊಸ ಸೀಮೆಯನ್ನು ಕಂಡ ನಾವಿಕರು, ಅದ್ಭುತ ಯಂತ್ರಗಳನ್ನು ನಿರ್ಮಿಸಿದ ಬುದ್ಧಿಶಾಲಿಗಳು ಇವರ ಹೆಸರುಗಳೇ ಅದರ ಪುಟಗಳಲ್ಲಿ ಮೆರೆಯುವವು. ಆದರೆ ಪೂರ್ಣವಾಗಿ ಗೆಲ್ಲಲಿಕ್ಕಾಗದೆ, ಸೋಲನ್ನೂ ಒಪ್ಪಿಕೊಳ್ಳದೆ, ತನಗೆ ಒಪ್ಪಿಸಲ್ಪಟ್ಟ ಜೀವಗಳಲ್ಲಿ ಬಹುಭಾಗವನ್ನು ಮೃತ್ಯುವಿನ ಬಾಯಿಂದ ತಿರುಗಿ ತಂದು, ಉಳಿಯದೆ ಹೋದವರಿಗಾಗಿ ಜೀವಮಾನವೆಲ್ಲ ಮರುಗಿದವರ ಕಥೆಯು ಅಪರೂಪವಾಗಿ ಬರೆಯಲ್ಪಡುವದು. ಅಮೇರಿಕಾ ಸಂಯುಕ್ತ ಸಂಸ್ಥಾನದ ವೈಮಾನಿಕರಾದ ಕ್ಯಾಪ್ಟನ್ ಆಲ್ಫ್ರೆಡ್ ಹೇಯ್ನ್ಸರು ಅಂಥವರಲ್ಲೊಬ್ಬರು. ಮೊದಲು ಸೈನ್ಯದಲ್ಲಿ, ಆ ಮೇಲೆ ಪ್ರಯಾಣಿಕರ ವಿಮಾನಗಳಲ್ಲಿ ಒಟ್ಟು ನಾಲ್ಕು ದಶಕಗಳ ಕಾಲ ಸೇವೆ ಸಲ್ಲಿಸಿದ ಈ ಮಹನೀಯರು 2019ನೆಯ ಇಸವಿ ಆಗಸ್ಟ್ ತಿಂಗಳ 25ನೆಯ ತಾರೀಖಿನಂದು ಸಿಯಾಟಲ್ ಪಟ್ಟಣದಲ್ಲಿ ಕಾಲವಶರಾದರು. 88 ವರ್ಷ ತುಂಬಲಿಕ್ಕೆ ಆಗ ಆರೇ ದಿನಗಳು ಉಳಿದಿದ್ದವು.

ಹೇಯ್ನ್ಸರು 1931ನೆಯ ಇಸವಿ ಆಗಸ್ಟ್ 31ರಂದು ಟೆಕ್ಸಸ್ ಪ್ರಾಂತದ ಪ್ಯಾರಿಸ್ ಎಂಬ ಊರಲ್ಲಿ ಜನಿಸಿದರು. ಈ ಪ್ಯಾರಿಸ್ ಫ್ರಾನ್ಸ್ ದೇಶದ ರಾಜಧಾನಿಯಲ್ಲ, ಅದರ ಹೆಸರನ್ನು ಹೊತ್ತ ಒಂದು ಚಿಕ್ಕ ಊರು. 1952ರಲ್ಲಿ ಅವರು ನೌಕಾಪಡೆಯ ವೈಮಾನಿಕ ಶಿಕ್ಷಣಕ್ಕೆ ಸೇರಿ, ಮರೀನ್ ದಳದಲ್ಲಿ ವಿಮಾನ ನಡಿಸುವವರಾಗಿ 1956ರ ವರೆಗೆ ದುಡಿದರು. ಅದೇ ವರ್ಷ ಸೈನ್ಯವನ್ನು ಬಿಟ್ಟು ಯುನೈಟೆಡ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಮೂರನೆಯ ಆಸನದಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ನಾಯಕ ಪದವಿಯನ್ನು ಪಡೆದರು. 1989ರ ಹೊತ್ತಿಗೆ ಅವರು ಆಕಾಶದಲ್ಲಿ ಕಳೆದ ಕಾಲವು ಹೆಚ್ಚು ಕಡಿಮೆ 30,000 ತಾಸುಗಳಾಗಿದ್ದಿತು. ಅದರಲ್ಲಿ 7,000ಕ್ಕೆ ಮಿಕ್ಕಿದ ತಾಸುಗಳು ಡಿಸಿ-10 ಎಂಬ ಮೂರು ಎಂಜಿನ್‌ಗಳ ದೊಡ್ಡ ವಿಮಾನದಲ್ಲಿ ಕಳೆದವು. ಇಷ್ಟಾದರೂ ಲೋಕಕ್ಕೆ ಅವರ ಹೆಸರು ತಿಳಿದಿರಲಿಲ್ಲ. ಹಗಲು ವಿಮಾನ ನಡಿಸುವದು, ಬಿಡುವಿನಲ್ಲಿ ತಮ್ಮೂರಿನ ಬಾಲಕರ ಬೇಸ್‌ಬಾಲ್ ಆಟಕ್ಕೆ ತೀರ್ಪುಗಾರರಾಗಿ ನಿಲ್ಲುವದು, ಶಾಲಾ ವಿದ್ಯಾರ್ಥಿಗಳ ಫುಟ್‌ಬಾಲ್ ಪಂದ್ಯಗಳಲ್ಲಿ ಧ್ವನಿವರ್ಧಕದ ಮುಂದೆ ಕುಳಿತು ಆಟದ ವಿವರವನ್ನು ಸಾರುವದು, ಇದು ಅವರ ಜೀವನಕ್ರಮವಾಗಿದ್ದಿತು. ಊರ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಅವರು ಪರಿಚಿತರು, ಸರಳರು, ಮೃದುಭಾಷಿಗಳು.

ಅವರ ಜೀವನದಲ್ಲಿ ಮುಂದೆ ನಡೆದ ಸಂಗತಿಯ ಮಹತ್ವವನ್ನು ತಿಳಿಯಬೇಕಾದರೆ, ಆ ಕಾಲದ ವಿಮಾನಯಾನದಲ್ಲಿ ನಾಯಕನ ಸ್ಥಾನವು ಹೇಗಿದ್ದಿತೆಂಬುದನ್ನು ಮೊದಲು ಅರಿಯುವದು ಅವಶ್ಯವು. ವಿಮಾನಯಾನವು ತನ್ನ ರೀತಿನೀತಿಗಳಲ್ಲಿ ಅನೇಕವನ್ನು ಹಡಗಿನಿಂದ ಪಡೆಯಿತು. ಹಡಗಿನಲ್ಲಿ ನಾಯಕನ ಮಾತೇ ಕಟ್ಟಳೆ. ಹಾಗೆಯೇ ವಿಮಾನದಲ್ಲಿಯೂ ನಾಯಕನು ನುಡಿದುದಕ್ಕೆ ಇದಿರಾಡುವ ವಾಡಿಕೆಯಿರಲಿಲ್ಲ. ಜತೆಗಾರನು ತಪ್ಪನ್ನು ಕಂಡರೂ ಅಂಜುತ್ತ ಸೂಚಿಸುವನು; ನಾಯಕನು ಕೇಳಿದರೆ ಕೇಳುವನು, ಇಲ್ಲದಿದ್ದರೆ ಇಲ್ಲ. ಈ ಪದ್ಧತಿಯ ಕೇಡು ಎಷ್ಟೆಂಬುದು 1977ನೆಯ ಇಸವಿ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಜಗತ್ತಿಗೆ ತೋರಿತು. ಮಂಜು ಮುಸುಕಿದ ಓಡುದಾರಿಯ ಮೇಲೆ ಎರಡು ಮಹಾವಿಮಾನಗಳು ಒಂದಕ್ಕೊಂದು ತಾಕಿ 583 ಜನರು ಮಡಿದರು. ದಾರಿಯು ತೆರವಾಗಿಲ್ಲವೇನೋ ಎಂಬ ಸಂಶಯವನ್ನು ಒಂದು ವಿಮಾನದ ಮೂರನೆಯ ಅಧಿಕಾರಿಯು ಬಾಯಿಬಿಟ್ಟು ಆಡಿದ್ದನು. ಆದರೆ ಅನುಭವಿಯಾದ ನಾಯಕನು ಅದನ್ನು ಮನ್ನಿಸದೆ ಮುನ್ನುಗ್ಗಿದನು. ಮರುವರ್ಷ, 1978ರ ಡಿಸೆಂಬರ್ 28ರಂದು, ಯುನೈಟೆಡ್ ಸಂಸ್ಥೆಯದೇ ಒಂದು ವಿಮಾನವು ಪೋರ್ಟ್‌ಲ್ಯಾಂಡ್ ಪಟ್ಟಣದ ಬಳಿ ಚಕ್ರಗಳ ದೋಷವನ್ನು ಪರೀಕ್ಷಿಸುತ್ತ ಸುತ್ತಿ ಸುತ್ತಿ, ಇಂಧನವು ತೀರಿ ನೆಲಕ್ಕೆ ಬಿದ್ದಿತು. ಹತ್ತು ಜನರು ಸತ್ತರು. ಇಂಧನವು ಬತ್ತುತ್ತಲಿರುವದು ಜತೆಗಾರರಿಗೆ ತಿಳಿದಿದ್ದರೂ, ನಾಯಕನ ಮನಸ್ಸಿಗೆ ನಾಟುವಂತೆ ಅವರು ಅದನ್ನು ಒತ್ತಿ ಹೇಳಲಿಲ್ಲ. ನಾಯಕನೂ ಆ ಮಾತಿಗೆ ಸಕಾಲದಲ್ಲಿ ಕಿವಿಗೊಡಲಿಲ್ಲ.

ಈ ಎರಡೂ ವಿಮಾನಗಳಲ್ಲಿ ತಿಳಿವಳಿಕೆಗೆ ಕೊರತೆಯಿರಲಿಲ್ಲ. ತಿಳಿದ ಮಾತು ಕೆಳಗಿನ ಆಸನದಿಂದ ಮೇಲಿನ ಆಸನಕ್ಕೆ ತಲುಪದೆ ಹೋದುದೇ ಅನರ್ಥಕ್ಕೆ ಮೂಲವಾಯಿತು. ಇದನ್ನು ಮನಗಂಡು 1979ರಲ್ಲಿ ನಾಸಾ ಸಂಸ್ಥೆಯು ವಿಚಾರಗೋಷ್ಠಿಯನ್ನು ನಡಿಸಿತು. ಅದರ ಬೆನ್ನಿಗೇ ಯುನೈಟೆಡ್ ಸಂಸ್ಥೆಯು ತನ್ನ ವೈಮಾನಿಕರಿಗೆ ಒಂದು ಹೊಸ ಶಿಕ್ಷಣವನ್ನು ಆರಂಭಿಸಿತು. ಕೆಳಗಿನವನು ನಿರ್ಭಯವಾಗಿ ಹೇಳಬೇಕು, ಮೇಲಿನವನು ಕೇಳಿ ತಿಳಿದು ಕೊನೆಯ ನಿರ್ಣಯವನ್ನು ತಾನು ಮಾಡಬೇಕು ಎಂಬುದೇ ಅದರ ಸಾರವು. ಹಳೆಯ ಪದ್ಧತಿಯಲ್ಲಿ ಬೆಳೆದ ಹೇಯ್ನ್ಸರು ಐವತ್ತರ ಅಂಚಿನಲ್ಲಿ ಈ ಪಾಠಕ್ಕೆ ಕುಳಿತರು. ಪ್ರೌಢ ವಯಸ್ಸಿನಲ್ಲಿ ಹೊಸ ಪಾಠವನ್ನು ಕಲಿಯುವದು ಕಷ್ಟ, ಅದರಲ್ಲಿಯೂ ತನ್ನ ಅಧಿಕಾರವನ್ನು ತಗ್ಗಿಸುವಂತೆ ಕಾಣುವ ಪಾಠವನ್ನು ಕಲಿಯುವದು ಇನ್ನೂ ಕಷ್ಟ. ಹೇಯ್ನ್ಸರು ಅದನ್ನು ಮನಃಪೂರ್ವಕವಾಗಿ ಕಲಿತಿದ್ದರೆಂಬುದು ಹತ್ತು ವರ್ಷಗಳೊಳಗಾಗಿ ಪ್ರಕಟವಾಯಿತು.

1989ನೆಯ ಇಸವಿ ಜುಲೈ 19. ಡೆನ್ವರ್ ಪಟ್ಟಣದಿಂದ ಶಿಕಾಗೋ ಮಾರ್ಗವಾಗಿ ಫಿಲಡೆಲ್ಫಿಯಾಕ್ಕೆ ಹೊರಟ ಯುನೈಟೆಡ್ ಸಂಸ್ಥೆಯ 232ನೆಯ ವಿಮಾನದಲ್ಲಿ 285 ಮಂದಿ ಪ್ರಯಾಣಿಕರೂ 11 ಮಂದಿ ಸಿಬ್ಬಂದಿಯೂ ಇದ್ದರು. ಆ ದಿನ ಮಕ್ಕಳಿಗೆ ದರದಲ್ಲಿ ವಿಶೇಷ ರಿಯಾಯಿತಿಯಿದ್ದುದರಿಂದ ವಿಮಾನದಲ್ಲಿ 52 ಮಂದಿ ಮಕ್ಕಳಿದ್ದರು. ಹೇಯ್ನ್ಸರು ನಾಯಕರು, ವಿಲಿಯಮ್ ರೆಕಾರ್ಡ್ಸರು ಉಪನಾಯಕರು, ಡಡ್ಲಿ ಡ್ವೊರಾಕರು ಯಂತ್ರಾಧಿಕಾರಿಗಳು. ಆಕಾಶವು ನಿರ್ಮಲವಾಗಿದ್ದಿತು. ವಿಮಾನವು ಅಯೊವಾ ಪ್ರಾಂತದ ಮೇಲೆ 37,000 ಅಡಿಗಳ ಎತ್ತರದಲ್ಲಿ ಸಾಗುತ್ತಿರಲು, ಮಧ್ಯಾಹ್ನ 3 ಗಂಟೆ 16 ನಿಮಿಷಕ್ಕೆ ಹಿಂಭಾಗದಲ್ಲಿ ಸಿಡಿಲು ಬಡಿದಂಥ ಸಪ್ಪಳವಾಗಿ ವಿಮಾನವು ತರತರನೆ ನಡುಗಿತು.

ಬಾಲದ ಬುಡದಲ್ಲಿದ್ದ ಎರಡನೆಯ ಎಂಜಿನ್ನಿನ ಮುಂಭಾಗದ ಬೀಸಣಿಗೆಯ ಚಕ್ರವು ಒಡೆದು ಚೂರಾಗಿದ್ದಿತು. ಒಂದು ಎಂಜಿನ್ ಕೆಟ್ಟುದರಿಂದ ಡಿಸಿ-10 ವಿಮಾನವು ಬೀಳತಕ್ಕದ್ದಲ್ಲ; ಉಳಿದ ಎರಡರಿಂದ ಅದು ಸುಖವಾಗಿ ಇಳಿಯಬಲ್ಲದು. ಅನರ್ಥವಾದುದು ಬೇರೆ ಕಡೆಯಲ್ಲಿ. ಇಂಥ ಮಹಾವಿಮಾನದ ರೆಕ್ಕೆಯ ಫಲಕಗಳನ್ನೂ ಬಾಲದ ಚುಕ್ಕಾಣಿಯನ್ನೂ ಮನುಷ್ಯನ ತೋಳಬಲದಿಂದ ಅಲುಗಿಸಲಾಗದು. ನಳಿಕೆಗಳಲ್ಲಿ ಬಹು ಒತ್ತಡದಿಂದ ಹರಿಯುವ ಎಣ್ಣೆಯೇ, ಅಂದರೆ ಹೈಡ್ರಾಲಿಕ್ ಶಕ್ತಿಯೇ, ಅವನ್ನು ಅಲುಗಿಸುವದು. ಒಂದು ಕೆಟ್ಟರೆ ಇನ್ನೊಂದಿರಲೆಂದು ಅಂಥ ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ಇಟ್ಟಿದ್ದರು. ಮೂರೂ ಒಮ್ಮೆಗೇ ಕೆಡುವ ಸಂಭವವು ಶತಕೋಟಿಗೊಂದೆಂದು ಎಣಿಸಿದ್ದರಿಂದ, ಹಾಗಾದಲ್ಲಿ ಏನು ಮಾಡಬೇಕೆಂಬ ವಿಧಿಯನ್ನು ಯಾವ ಕೈಪಿಡಿಯಲ್ಲಿಯೂ ಬರೆದಿರಲಿಲ್ಲ. ಆದರೆ ಆ ಮೂರರ ನಳಿಕೆಗಳೂ ಬಾಲದಲ್ಲಿ ಹತ್ತಿರ ಹತ್ತಿರವಾಗಿ ಹಾಯ್ದಿದ್ದವು. ಸಿಡಿದ ಲೋಹದ ಚೂರುಗಳು ಅವನ್ನು ಕಡಿದು ಹಾಕಿದವು. ಎಣ್ಣೆಯೆಲ್ಲ ಆಕಾಶಕ್ಕೆ ಸೋರಿ ಹೋಯಿತು.

ಉಪನಾಯಕರು ಹಿಡಿಕೆಯನ್ನು ಎಡಕ್ಕೆ ಪೂರ್ಣವಾಗಿ ತಿರುವಿದ್ದರೂ ವಿಮಾನವು ಬಲಕ್ಕೆ ಹೊರಳುತ್ತಲೇ ಇದ್ದಿತು. ಇನ್ನೂ ಕೆಲವು ಕ್ಷಣ ಹಾಗೆಯೇ ಬಿಟ್ಟಿದ್ದರೆ ಅದು ಬೆನ್ನಡಿಯಾಗಿ ಬೀಳುತ್ತಿದ್ದಿತು. ಹೇಯ್ನ್ಸರು ಎಡಗಡೆಯ ಎಂಜಿನ್ನಿನ ವೇಗವನ್ನು ತಗ್ಗಿಸಿ ಬಲಗಡೆಯದನ್ನು ಏರಿಸಿದರು. ಬಲರೆಕ್ಕೆಯು ಮೆಲ್ಲಗೆ ಮೇಲಕ್ಕೆ ಬಂದಿತು. ಹಗ್ಗ ಹರಿದ ಎರಡೆತ್ತಿನ ಬಂಡಿಯನ್ನು ಒಂದೆತ್ತನ್ನು ಚುರುಕುಗೊಳಿಸಿ ಮತ್ತೊಂದನ್ನು ತಡೆದು ತಿರುಗಿಸುವಂತೆ, ರೆಕ್ಕೆಗಳ ಕೆಳಗಿನ ಎರಡು ಎಂಜಿನ್ನುಗಳ ವೇಗವನ್ನು ಹೆಚ್ಚು ಕಡಿಮೆ ಮಾಡಿಯೇ ಆ ಪರ್ವತೋಪಮವಾದ ಯಂತ್ರವನ್ನು ನಡಿಸಬೇಕಾಗಿದ್ದಿತು. ಬಂಡಿಯಾದರೆ ನೆಲದ ಮೇಲಿರುವದು, ನಿಲ್ಲಿಸಬಹುದು. ಇದಕ್ಕೆ ನಿಲ್ಲುವ ಮಾರ್ಗವಿರಲಿಲ್ಲ. ಅದು ತಾನಾಗಿಯೇ ಮೂಗನ್ನು ಕೆಳಗೆ ಮಾಡಿ ಇಳಿಯುವದು, ಮತ್ತೆ ಮೇಲಕ್ಕೆತ್ತಿ ಏರುವದು. ಇಂಥ ಒಂದೊಂದು ಅಲೆಗೂ ಎತ್ತರವು ಕಡಿಮೆಯಾಗುತ್ತ ಬಂದಿತು.

ಇಂಥ ಪರಿಸ್ಥಿತಿಯಲ್ಲಿ ನಾಲ್ಕು ವರ್ಷಗಳ ಹಿಂದೆ ಜಪಾನಿನಲ್ಲಿ ಒಂದು ವಿಮಾನವು ಸಿಕ್ಕಿದ್ದಿತು. 1985ರ ಆಗಸ್ಟ್ 12ರಂದು ಹೈಡ್ರಾಲಿಕ್ ಶಕ್ತಿಯನ್ನೆಲ್ಲ ಕಳೆದುಕೊಂಡ ಆ ವಿಮಾನದ ವೈಮಾನಿಕರು ಸುಮಾರು 32 ನಿಮಿಷಗಳ ವರೆಗೆ ಹೋರಾಡಿ ಕೊನೆಗೆ ಬೆಟ್ಟಕ್ಕೆ ಬಡಿದರು. 524 ಜನರಲ್ಲಿ ನಾಲ್ವರು ಮಾತ್ರ ಬದುಕಿದರು. ದೈವಸಂಕಲ್ಪವೋ ಏನೋ, ಆ ದುರಂತವನ್ನು ಅಭ್ಯಸಿಸಿ, ಎಂಜಿನ್ನುಗಳಿಂದಲೇ ವಿಮಾನವನ್ನು ನಡಿಸುವದು ಸಾಧ್ಯವೇ ಎಂದು ಕೃತಕ ಯಂತ್ರದಲ್ಲಿ ಪ್ರಯೋಗ ಮಾಡಿ ನೋಡಿದ್ದ ವ್ಯಕ್ತಿಯೊಬ್ಬನು 232ನೆಯ ವಿಮಾನದಲ್ಲಿ ಪ್ರಯಾಣಿಕನಾಗಿ ಕುಳಿತಿದ್ದನು. ಆತನೇ ಡೆನಿಸ್ ಫಿಚ್. ಯುನೈಟೆಡ್ ಸಂಸ್ಥೆಯಲ್ಲಿ ಡಿಸಿ-10 ವೈಮಾನಿಕರಿಗೆ ಪಾಠ ಹೇಳುವ ಶಿಕ್ಷಕನು. ತಾನು ನೆರವಾಗಬಹುದೇ ಎಂದು ಆತನು ಪರಿಚಾರಿಕೆಯ ಮೂಲಕ ಕೇಳಿ ಕಳಿಸಿದನು.

ಹಳೆಯ ಕಾಲದ ನಾಯಕನಾಗಿದ್ದರೆ ಆ ಗಡಿಬಿಡಿಯಲ್ಲಿ ಪರರನ್ನು ಒಳಗೆ ಬಿಡುತ್ತಿದ್ದನೇ ಎಂಬುದು ಸಂದೇಹವು. ಹೇಯ್ನ್ಸರು ಒಡನೆಯೇ ಕರೆಸಿಕೊಂಡರು. ರೆಕ್ಕೆಗಳನ್ನು ನೋಡಿಕೊಂಡು ಬರಲು ಮೊದಲು ಕಳಿಸಿದರು. ಯಾವ ಫಲಕವೂ ಅಲುಗುತ್ತಿಲ್ಲವೆಂದು ಫಿಚ್ಚರು ಬಂದು ಹೇಳಿದಾಗ, ಎಂಜಿನ್ನುಗಳ ವೇಗವನ್ನು ನಿಯಂತ್ರಿಸುವ ಸನ್ನೆಗಳನ್ನೇ ಅವರ ಕೈಗೆ ಒಪ್ಪಿಸಿದರು. ಫಿಚ್ಚರು ಇಬ್ಬರು ಚಾಲಕರ ನಡುವೆ ನೆಲದ ಮೇಲೆ ಮೊಣಕಾಲೂರಿ ಕುಳಿತು, ಎರಡೂ ಕೈಗಳಿಂದ ಎರಡು ಸನ್ನೆಗಳನ್ನು ಹಿಡಿದು, ಉಪಕರಣಗಳ ಮುಳ್ಳುಗಳನ್ನು ನೋಡುತ್ತ ವಿಮಾನವನ್ನು ತೂಗಿಸಿದರು. ಡ್ವೊರಾಕರು ನೆಲದ ಮೇಲಿನ ಯಂತ್ರತಜ್ಞರೊಡನೆ ಮಾತನಾಡುತ್ತಿದ್ದರು. ಆ ತಜ್ಞರಿಗೂ ಉಪಾಯವೊಂದೂ ತೋರಲಿಲ್ಲ. ಆ ಕಿರುಕೋಣೆಯಲ್ಲಿದ್ದ ನಾಲ್ವರ ಅನುಭವವನ್ನು ಕೂಡಿಸಿದರೆ 103 ವರ್ಷಗಳಾಗುತ್ತಿದ್ದವೆಂದೂ, ಅಷ್ಟು ವರ್ಷಗಳಲ್ಲಿ ಒಬ್ಬನಾದರೂ ಇಂಥದನ್ನು ಒಂದು ನಿಮಿಷ ಅಭ್ಯಾಸ ಮಾಡಿರಲಿಲ್ಲವೆಂದೂ, ಹೀಗಿರುವಾಗ ಉಳಿದ ಮೂವರಿಗಿಂತ ತಮಗೆ ಹೆಚ್ಚು ತಿಳಿದಿರುವದೆಂದು ಎಣಿಸಲು ಕಾರಣವೇ ಇರಲಿಲ್ಲವೆಂದೂ ಹೇಯ್ನ್ಸರು ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಆಳಾಗಬಲ್ಲವನೇ ಅರಸಾಗಬಲ್ಲನೆಂಬ ನಾಣ್ಣುಡಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ದೊರೆಯುವದು ದುರ್ಲಭವು.

ಇದರಿಂದ ಅವರು ನಾಯಕತ್ವವನ್ನು ಬಿಟ್ಟುಕೊಟ್ಟರೆಂದು ತಿಳಿಯಬಾರದು. ಎಲ್ಲರ ಮಾತನ್ನೂ ಕೇಳಿ, ಯಾವುದನ್ನು ಮಾಡತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬ ನಿರ್ಣಯವನ್ನು ಅವರೇ ಮಾಡುತ್ತಿದ್ದರು. ಇಳಿಯುವಿಕೆಯು ಹಿಂದೆಂದೂ ಕಾಣದಷ್ಟು ಕಠಿಣವಾಗುವದೆಂದು ಪ್ರಯಾಣಿಕರಿಗೆ ಮರೆಮಾಚದೆ ತಿಳಿಸಿದರು. ಏನಾದರೂ ಆಗಲಿ, ತಮ್ಮನ್ನು ಪಟ್ಟಣದಿಂದ ದೂರವಿಡಿರೆಂದು ನೆಲದ ಮೇಲಿನ ನಿಯಂತ್ರಕನಿಗೆ ಹೇಳಿದರು. ತಾವು ಸತ್ತರೂ ಕೆಳಗಿನವರು ಸಾಯಬಾರದೆಂಬುದೇ ಆ ಮಾತಿನ ಅಭಿಪ್ರಾಯವು. ಇಷ್ಟರ ನಡುವೆ ವಿನೋದವನ್ನೂ ಬಿಡಲಿಲ್ಲ. ಯಾವ ಓಡುದಾರಿಯ ಮೇಲಾದರೂ ಇಳಿಯಬಹುದೆಂದು ನಿಯಂತ್ರಕನು ಅನುಮತಿಯಿತ್ತಾಗ, ಓಡುದಾರಿಯೇ ಆಗಬೇಕೆಂಬ ಹಟವೂ ಉಂಟೇ ಎಂಬರ್ಥದ ಮಾತನ್ನಾಡಿ ನಕ್ಕರು. ಎಲ್ಲ ಮುಗಿದ ಮೇಲೆ ಕೂಡಿ ಬಿಯರ್ ಕುಡಿಯೋಣವೆಂದು ಫಿಚ್ಚರು ಹುರಿದುಂಬಿಸಲು, ತಾವು ಕುಡಿಯುವವರಲ್ಲವೆಂದೂ ಆದರೆ ಅಂದು ಮಾತ್ರ ಖಂಡಿತ ಕುಡಿಯುವೆನೆಂದೂ ಉತ್ತರ ಕೊಟ್ಟರು. ಮೃತ್ಯುವು ಬಾಗಿಲಲ್ಲಿ ನಿಂತಾಗ ಈ ಬಗೆಯ ಹಗುರು ಮಾತು ಉಡಾಫೆಯಲ್ಲ. ನಾಲ್ವರ ಮನಸ್ಸೂ ಸ್ತಬ್ಧವಾಗಿ ಹೋಗದಂತೆ ಕಾಯ್ದ ಔಷಧವದು.

ಹೀಗೆ 44 ನಿಮಿಷಗಳು ಕಳೆದವು. ವಿಮಾನವು ಬಹುತರವಾಗಿ ಬಲಕ್ಕೇ ತಿರುಗುತ್ತ, ವಕ್ರವಕ್ರವಾಗಿ ಸುತ್ತಿ ಸೂ ಸಿಟಿ ಎಂಬ ಪಟ್ಟಣದ ವಿಮಾನ ನಿಲ್ದಾಣದ ಇದಿರಿಗೆ ಬಂದಿತು. ಉದ್ದೇಶಿಸಿದ 9,000 ಅಡಿಗಳ ದಾರಿಗೆ ಅದು ಹೊಂದಿ ಬರಲಿಲ್ಲ. ಬಳಕೆಯಿಲ್ಲದೆ ಮುಚ್ಚಿದ್ದ 6,600 ಅಡಿಗಳ ಇನ್ನೊಂದು ದಾರಿಯು ನೇರಕ್ಕೆ ಸಿಕ್ಕಿತು. ಅದರ ಮೇಲೆ ಸಾಲಾಗಿ ನಿಲ್ಲಿಸಿದ್ದ ಅಗ್ನಿಶಾಮಕ ಬಂಡಿಗಳನ್ನು ಅವಸರದಿಂದ ತೆಗೆಸಿದರು. ಇಂಥ ವಿಮಾನವು ತಾಸಿಗೆ ಸುಮಾರು 160 ಮೈಲು ವೇಗದಿಂದ, ನಿಮಿಷಕ್ಕೆ 300 ಅಡಿಗಳಷ್ಟು ಮೆಲ್ಲಗೆ ನೆಲಕ್ಕೆ ತಾಕುವದು ವಾಡಿಕೆ. ಅಂದು ಅದು ತಾಸಿಗೆ ಸುಮಾರು 250 ಮೈಲು ವೇಗದಿಂದ, ನಿಮಿಷಕ್ಕೆ 1,600ಕ್ಕೂ ಮಿಕ್ಕ ಅಡಿಗಳಂತೆ ಇಳಿದು ಬಂದಿತು. ಕೊನೆಯ ಕ್ಷಣಗಳಲ್ಲಿ ಮೂಗು ತಗ್ಗಿ ಬಲರೆಕ್ಕೆಯು ಕೆಳಗಾಯಿತು. ರೆಕ್ಕೆಯ ತುದಿಯು ಮೊದಲು ನೆಲಕ್ಕೆ ಬಡಿದು, ವಿಮಾನವು ಉರುಳಿ, ಒಡೆದು ತುಂಡು ತುಂಡಾಗಿ, ಬೆಂಕಿ ಹತ್ತಿ, ಪಕ್ಕದ ಗೋವಿನಜೋಳದ ಹೊಲದಲ್ಲಿ ಬಿದ್ದಿತು.

ನೋಡಿದವರು ಒಬ್ಬರಾದರೂ ಉಳಿದಿರಲಾರರೆಂದು ತಿಳಿದರು. ಆದರೆ ಹೊಗೆಯೊಳಗಿಂದ, ಎದೆಯೆತ್ತರದ ಜೋಳದ ಬೆಳೆಯೊಳಗಿಂದ ಜನರು ಒಬ್ಬೊಬ್ಬರಾಗಿ ನಡೆದು ಬಂದರು. 296 ಜನರಲ್ಲಿ 184 ಜನರು ಬದುಕಿದರು. 112 ಜನರು ಮಡಿದರು. ಮಡಿದವರಲ್ಲಿ 11 ಮಂದಿ ಮಕ್ಕಳು, ಒಬ್ಬಳು ಪರಿಚಾರಿಕೆ. ವೈಮಾನಿಕರ ಕಿರುಕೋಣೆಯು ಮುದ್ದೆಯಾಗಿ ಬಿದ್ದಿದ್ದುದರಿಂದ ಅದರಲ್ಲಿ ಜೀವವಿರಲಾರದೆಂದು ರಕ್ಷಕರು ಅದನ್ನು ಹಾಯ್ದೇ ಹೋಗಿದ್ದರು. ಸುಮಾರು 35 ನಿಮಿಷಗಳ ತರುವಾಯ ಒಳಗೆ ನಾಲ್ವರೂ ಜೀವದಿಂದಿರುವದು ತಿಳಿದು ಅವರನ್ನು ಹೊರತೆಗೆದರು. ಮುಂದೆ ನಾಲ್ವರೂ ಗುಣ ಹೊಂದಿ ತಿರುಗಿ ವಿಮಾನ ನಡಿಸುವವರಾದರು.

ಈ ಉಳಿವಿಗೆ ನೆಲದ ಮೇಲಿನವರ ಪುಣ್ಯವೂ ಸಮಪಾಲಾಗಿ ಸೇರಿದ್ದಿತು. ಆ ಪ್ರದೇಶದವರು ದೊಡ್ಡ ವಿಮಾನವೊಂದು ಬಿದ್ದರೆ ಏನು ಮಾಡಬೇಕೆಂಬುದನ್ನು 1987ರಲ್ಲಿಯೇ ಅಭ್ಯಾಸ ಮಾಡಿ ನೋಡಿದ್ದರು. ಅಂಥ ವಿಮಾನಗಳು ಇಳಿಯದ ಊರಿಗೆ ಈ ಅಭ್ಯಾಸವೇಕೆಂದು ಅವರು ಎಣಿಸಲಿಲ್ಲ. ಅಯೊವಾ ಪ್ರಾಂತದ ರಾಷ್ಟ್ರೀಯ ರಕ್ಷಕ ದಳದ 285 ಮಂದಿ ಸೈನಿಕರು ಅಂದು ನಿಲ್ದಾಣದಲ್ಲಿಯೇ ಕೆಲಸದ ಮೇಲಿದ್ದರು. ಆಸ್ಪತ್ರೆಗಳಲ್ಲಿ ಸರದಿ ಬದಲಾಗುವ ಹೊತ್ತಾದ್ದರಿಂದ ವೈದ್ಯರೂ ದಾದಿಯರೂ ಎರಡರಷ್ಟಿದ್ದರು. ಗಾಯಗೊಂಡ ಮೂರು ವರ್ಷದ ಬಾಲಕನನ್ನು ದಳದ ಅಧಿಕಾರಿಯೊಬ್ಬನು ತೋಳಲ್ಲೆತ್ತಿಕೊಂಡು ಬರುತ್ತಿರುವ ದೃಶ್ಯವು ಲೋಕವನ್ನೆಲ್ಲ ಕರಗಿಸಿತು. ಆ ದೃಶ್ಯದ ಪ್ರತಿಮೆಯನ್ನೇ ಸೂ ಸಿಟಿಯ ಜನರು 1994ರಲ್ಲಿ ನದೀತೀರದ ಸ್ಮಾರಕವಾಗಿ ನಿಲ್ಲಿಸಿದರು.

ತರುವಾಯ ವಿಚಾರಣೆಯು ನಡೆಯಿತು. ಒಡೆದ ಚಕ್ರದ ಭಾಗಗಳು ಮೂರು ತಿಂಗಳ ಮೇಲೆ, ಸುಗ್ಗಿಯ ಕಾಲದಲ್ಲಿ, ಆಲ್ಟಾ ಎಂಬ ಊರಿನ ಹತ್ತಿರದ ಹೊಲದಲ್ಲಿ ದೊರೆತವು. 1971ರ ಸುಮಾರಿಗೆ ಟೈಟೇನಿಯಮ್ ಲೋಹವನ್ನು ಕರಗಿಸುವಾಗ ಅದರೊಳಗೆ ಬೆರೆತ ಸೂಕ್ಷ್ಮವಾದ ಕಲ್ಮಷವೇ ಮೂಲಕಾರಣವೆಂದು ತಿಳಿದು ಬಂದಿತು. ಅಲ್ಲಿಂದ ಹುಟ್ಟಿದ ಕೂದಲೆಳೆಯಂಥ ಬಿರುಕು 15,000ಕ್ಕೂ ಮಿಕ್ಕ ಹಾರಾಟಗಳಲ್ಲಿ ತುಸು ತುಸುವೇ ಬೆಳೆದು ಆ ದಿನ ಬಾಯಿಬಿಟ್ಟಿತು. ಹಿಂದಿನ ತಪಾಸಣೆಯಲ್ಲಿ ಅದನ್ನು ಕಾಣಬಹುದಾಗಿದ್ದಿತು, ಕಾಣಲಿಲ್ಲ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು 1990ರ ತನ್ನ ವರದಿಯಲ್ಲಿ ನಿರ್ಣಯಿಸಿತು. ಅದೇ ವರದಿಯು ವೈಮಾನಿಕರ ಸಾಧನೆಯನ್ನು ಮುಕ್ತಕಂಠದಿಂದ ಕೊಂಡಾಡಿತು. ಕೃತಕ ಯಂತ್ರದಲ್ಲಿ ಅನುಭವಿಗಳಾದ ಬೇರೆ ವೈಮಾನಿಕರನ್ನು ಕೂಡಿಸಿ ನೋಡಲಾಗಿ, ಅಂಥ ವಿಮಾನವನ್ನು ಕ್ಷೇಮವಾಗಿ ಇಳಿಸುವದು ಅಸಾಧ್ಯಪ್ರಾಯವೆಂದೇ ಕಂಡುಬಂದಿದ್ದಿತು.

ಲೋಕವು ಹೇಯ್ನ್ಸರನ್ನು ವೀರರೆಂದು ಕರೆಯಿತು. 1992ರಲ್ಲಿ ಈ ಸಂಗತಿಯನ್ನು ಕುರಿತು ಚಲಚ್ಚಿತ್ರವು ಬಂದಿತು. ಪ್ರಸಿದ್ಧ ನಟ ಚಾರ್ಲ್‌ಟನ್ ಹೆಸ್ಟನ್ನರು ಅವರ ಪಾತ್ರವನ್ನು ವಹಿಸಿದರು. ಆದರೆ ಹೇಯ್ನ್ಸರು ಆ ಬಿರುದನ್ನು ಎಂದೂ ಸ್ವೀಕರಿಸಲಿಲ್ಲ. ಜನರು 184ನ್ನು ಎಣಿಸುತ್ತಿದ್ದರು, ಅವರು 112ನ್ನು ಎಣಿಸುತ್ತಿದ್ದರು. ಎಲ್ಲರನ್ನೂ ಉಳಿಸಲಾಗಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ತಾನು ಉಳಿದುದೇ ತಪ್ಪೇನೋ ಎಂಬ ಭಾವನೆಯು ಇಂಥ ದುರಂತಗಳಿಂದ ಪಾರಾದವರನ್ನು ಪೀಡಿಸುವದುಂಟು. ಅದಕ್ಕಾಗಿ ಬಲ್ಲವರ ನೆರವನ್ನು ಪಡೆದುದನ್ನು ಅವರು ಮುಚ್ಚಿಡಲಿಲ್ಲ, ಅದರಲ್ಲಿ ನಾಚಿಕೆಯನ್ನೂ ಎಣಿಸಲಿಲ್ಲ.

1991ರ ಆಗಸ್ಟ್ ತಿಂಗಳಲ್ಲಿ 60 ವರ್ಷ ತುಂಬಲು ನಿಯಮದಂತೆ ಅವರು ನಿವೃತ್ತರಾದರು. ಮಂದಿಯ ಕಣ್ಣಿನಿಂದ ಮರೆಯಾಗಿ ಸುಖವಾಗಿರಬಹುದಾಗಿದ್ದಿತು. ಅವರು ಹಾಗೆ ಮಾಡದೆ, ತಮ್ಮ ಅತ್ಯಂತ ನೋವಿನ ದಿನವನ್ನೇ ಪಾಠವನ್ನಾಗಿ ಮಾಡಿ ಊರೂರಿಗೆ ಹೊತ್ತುಕೊಂಡು ಹೋದರು. ವೈಮಾನಿಕರು, ವೈದ್ಯರು, ಅಗ್ನಿಶಾಮಕರು, ಶಾಲೆಯ ಮಕ್ಕಳು, ಯಾರು ಕರೆದರೂ ಹೋಗಿ ಹೇಳುವರು. ಇಂಥ ಉಪನ್ಯಾಸಗಳು ಸಾವಿರಕ್ಕೂ ಮಿಕ್ಕಿದವು. ಅಷ್ಟು ಜನರು ಉಳಿದುದಕ್ಕೆ ಅವರು ಐದು ಕಾರಣಗಳನ್ನು ಕೊಡುತ್ತಿದ್ದರು: ಅದೃಷ್ಟ, ಪರಸ್ಪರ ಸಂಭಾಷಣೆ, ಪೂರ್ವಸಿದ್ಧತೆ, ಕಾರ್ಯನಿರ್ವಹಣೆ, ಸಹಕಾರ. ಈ ಐದರಲ್ಲಿ ತಮ್ಮ ಕೈಚಳಕದ ಹೆಸರಿಲ್ಲ. ಹಗಲು ಹೊತ್ತು, ನಿರ್ಮಲ ಆಕಾಶ, ರಕ್ಷಕ ದಳದ ಹಾಜರಿ, ವಿಮಾನದಲ್ಲಿ ಫಿಚ್ಚರಿದ್ದುದು ಇವನ್ನೆಲ್ಲ ಅದೃಷ್ಟದ ಲೆಕ್ಕಕ್ಕೆ ಬರೆದು, ಉಳಿದುದನ್ನು ಪರಿಚಾರಿಕೆಯರಿಗೂ ನಿಯಂತ್ರಕರಿಗೂ ಸೂ ಸಿಟಿಯ ಜನರಿಗೂ ಹಂಚಿಬಿಡುತ್ತಿದ್ದರು.

ಅವರ ಉತ್ತರಜೀವನದಲ್ಲಿ ದುಃಖಕ್ಕೆ ಕೊರತೆಯಾಗಲಿಲ್ಲ. 1990ರ ದಶಕದಲ್ಲಿ ಹಿರಿಯ ಮಗನೂ ಧರ್ಮಪತ್ನಿಯೂ ತೀರಿಕೊಂಡರು. 2003ರಲ್ಲಿ ಮಗಳಿಗೆ ಅಸ್ಥಿಮಜ್ಜೆಯ ಬಹು ವೆಚ್ಚದ ಚಿಕಿತ್ಸೆಯು ಅವಶ್ಯವಾಯಿತು. ಸುದ್ದಿಯು ಹಬ್ಬಲು, 232ನೆಯ ವಿಮಾನದಿಂದ ಬದುಕಿ ಬಂದವರೂ ಕಂಡರಿಯದ ಪರಸ್ಥಳದವರೂ ತಮ್ಮಿಂದಾದಷ್ಟು ಹಣವನ್ನು ಕಳಿಸಿದರು. ಹದಿನಾಲ್ಕು ವರ್ಷಗಳ ಹಿಂದೆ ತಮ್ಮ ಮಕ್ಕಳನ್ನು ಯಾರು ಕಾಯ್ದರೋ ಅವರ ಮಗಳನ್ನು ಕಾಯುವದು ತಮ್ಮ ಋಣವೆಂದು ಆ ಜನರು ಭಾವಿಸಿದರು. ಅವರು ಅಪೇಕ್ಷಿಸದೆ ಬಂದ ಈ ಪ್ರತ್ಯುಪಕಾರವೇ, ಅವರು ಎಷ್ಟು ಜನರ ಮನಸ್ಸಿನಲ್ಲಿ ಮನೆ ಮಾಡಿದ್ದರೆಂಬುದಕ್ಕೆ ಸಾಕ್ಷಿಯು.

ಆ ದಿನದ ಫಲವು ಲೋಕಕ್ಕೆ ಹಲವು ಬಗೆಯಲ್ಲಿ ದೊರೆಯಿತು. ಡಿಸಿ-10 ವಿಮಾನಗಳಲ್ಲಿ ಒಂದು ನಳಿಕೆ ಕಡಿದರೂ ಎಣ್ಣೆಯೆಲ್ಲ ಸೋರಿ ಹೋಗದಂತೆ ತಡೆಯನ್ನು ಕಲ್ಪಿಸಿದರು. ಎಂಜಿನ್ ಚಕ್ರಗಳ ಲೋಹವನ್ನು ತಯಾರಿಸುವ, ತಪಾಸಿಸುವ ಕ್ರಮಗಳನ್ನು ಬಿಗಿಗೊಳಿಸಿದರು. ನಾಸಾ ಸಂಸ್ಥೆಯು ಎಂಜಿನ್ನುಗಳಿಂದಲೇ ವಿಮಾನವನ್ನು ನಡಿಸುವ ಉಪಾಯವನ್ನು ಶೋಧಿಸಿ, 1995ರ ಆಗಸ್ಟ್ 29ರಂದು ಒಂದು ಮಹಾವಿಮಾನವನ್ನು ಹಾಗೆಯೇ ಸುಖವಾಗಿ ಇಳಿಸಿ ತೋರಿಸಿತು. 2003ರ ನವೆಂಬರ್‌ನಲ್ಲಿ ಬಾಗ್ದಾದಿನ ಮೇಲೆ ಕ್ಷಿಪಣಿಯ ಹೊಡೆತದಿಂದ ಹೈಡ್ರಾಲಿಕ್ ಶಕ್ತಿಯನ್ನೆಲ್ಲ ಕಳೆದುಕೊಂಡ ಸರಕು ವಿಮಾನವೊಂದನ್ನು ಮೂವರು ವೈಮಾನಿಕರು ಎಂಜಿನ್ನುಗಳ ಬಲದಿಂದಲೇ ಇಳಿಸಿ ಮೂವರೂ ಬದುಕಿದರು. ಇವೆಲ್ಲಕ್ಕಿಂತ ಮಿಗಿಲಾಗಿ, ಕೂಡಿ ವಿಚಾರಿಸಿ ವಿಮಾನ ನಡಿಸುವ ಶಿಕ್ಷಣದ ಮೇಲೆ ಸಂಶಯಪಡುತ್ತಿದ್ದ ಹಳಬರ ಬಾಯಿ ಕಟ್ಟಿತು. ಇಂದು ಆ ಶಿಕ್ಷಣವು ಭಾರತವೂ ಸೇರಿ ಜಗತ್ತಿನ ದೇಶಗಳಲ್ಲೆಲ್ಲ ವೈಮಾನಿಕರಿಗೆ ಕಡ್ಡಾಯವಾಗಿರುವದು. ವೈದ್ಯರ ಶಸ್ತ್ರಚಿಕಿತ್ಸಾ ಕೋಣೆಯಲ್ಲಿಯೂ ಅದು ಪ್ರವೇಶಿಸಿರುವದು.

ಫಿಚ್ಚರು 2012ರಲ್ಲಿಯೂ ಹೇಯ್ನ್ಸರು 2019ರಲ್ಲಿಯೂ ಗತಿಸಿದರು. ಅಂದು ಜೋಳದ ಹೊಲದಿಂದ ನಡೆದು ಬಂದ ಮಕ್ಕಳು ಬೆಳೆದು ತಾವೇ ತಂದೆತಾಯಿಗಳಾಗುವ ವಯಸ್ಸನ್ನು ಮುಟ್ಟಿರುವರು. ತೀರಿಕೊಂಡ 112 ಜನರ ಮನೆಗಳಲ್ಲಿ ಆ ದಿನದ ನೋವು ಇನ್ನೂ ಆರಿರಲಾರದು. ಹೇಯ್ನ್ಸರನ್ನು ನೆನೆಯುವವರು ಅವರನ್ನೂ ನೆನೆಯತಕ್ಕದ್ದು. ಹೇಯ್ನ್ಸರು ತಾವೇ ಹಾಗೆ ಬಯಸುತ್ತಿದ್ದರು. ವಿದ್ಯೆಯು ತನ್ನೊಬ್ಬನಲ್ಲಿಯೇ ಇರುವದೆಂದು ಭಾವಿಸುವ ಹಿರಿಯನು ತನ್ನನ್ನು ನಂಬಿದವರನ್ನೆಲ್ಲ ಅಪಾಯಕ್ಕೆ ಒಡ್ಡುವನು. ತನಗೆ ತಿಳಿಯದೆಂಬುದನ್ನು ಎಲ್ಲರ ಇದಿರಿಗೆ ಒಪ್ಪಿ, ಬಲ್ಲವನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡು, ಭಾರವನ್ನು ಮಾತ್ರ ತನ್ನ ಹೆಗಲ ಮೇಲೆಯೇ ಇಟ್ಟುಕೊಳ್ಳುವ ಹಿರಿಯನು ದೊರೆತರೆ ಅದು ಆ ಮಂದಿಯ ಭಾಗ್ಯವು. 1989ರ ಆ ಮಧ್ಯಾಹ್ನ ಅಯೊವಾದ ಆಕಾಶದಲ್ಲಿದ್ದ 296 ಜನರಿಗೆ ಆ ಭಾಗ್ಯವು ದೊರೆತಿದ್ದಿತು.